ಹಳೆಯ ಬ್ಯಾಟರಿ ತೋಟದ ಗುಂಡಿಗಲ್ಲ

ಮಲೆನಾಡಿನ ಮಳೆಗಾಲದಲ್ಲಿ ಕರೆಂಟನ್ನು ನಂಬುವಂತಿಲ್ಲ. ಆದುದರಿಂದ ನಮ್ಮಲ್ಲಿ ಇನ್ವರ್ಟರ್ ಇಲ್ಲದ ಮನೆ ಅಪರೂಪ. ಕೆಲವೇ ವರ್ಷಗಳಲ್ಲಿ ಅದರ ಬ್ಯಾಟರಿ ಸೋಲುತ್ತದೆ. ಆಮೇಲೆ ಅದೂ, ಸುಟ್ಟ ಟ್ಯೂಬ್‌ಲೈಟು, ಕೆಟ್ಟ ಮೊಬೈಲುಗಳೂ ಗುಜರಿಯವನ ಪಾಲು, ಇಲ್ಲವೇ ತೋಟದ ಗುಂಡಿಯ ಪಾಲು.

ಬ್ಯಾಟರಿಯಲ್ಲಿರುವುದು ಸೀಸ ಮತ್ತು ಗಂಧಕಾಮ್ಲ; ಟ್ಯೂಬ್‌ಲೈಟಿನಲ್ಲಿ ಪಾದರಸ. ಬ್ಯಾಟರಿ ಒಡೆದು ಚೆಲ್ಲಿದ್ದು ಹಳ್ಳ ಸೇರಿದರೆ, ಕೆಳಗಿನವರ ಅಡಿಕೆ ತೋಟಕ್ಕೂ ಬಾವಿಗೂ ಅದೇ ನೀರು. ಸೀಸದ ವಿಷ ಹೆಚ್ಚು ತಾಗುವುದು ಎಳೆಯ ಮಕ್ಕಳ ಮೆದುಳಿಗೆ.

2022ರ ಬ್ಯಾಟರಿ ಹಾಗೂ ಇ-ತ್ಯಾಜ್ಯ ನಿಯಮಗಳು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಆದರೆ ಅವರು ಘಟ್ಟ ಹತ್ತಿ ಮನೆಮನೆಗೆ ಬರಲಾರರು. ಸಂಘಕ್ಕೆ ಗೊಬ್ಬರ ಇಳಿಸಿದ ಲಾರಿ ಖಾಲಿಯೇ ಹಿಂದಿರುಗುತ್ತದೆ. ವರ್ಷಕ್ಕೆರಡು ಬಾರಿ ಈ ಸಾಮಾನನ್ನು ಗೋದಾಮಿನಲ್ಲಿ ಕೂಡಿಸಿ, ಅದೇ ಲಾರಿಯಲ್ಲಿ ನೋಂದಾಯಿತ ಮರುಬಳಕೆ ಘಟಕಕ್ಕೆ ಕಳಿಸಬೇಕೆಂಬುದು ನಮ್ಮ ಅಭಿಪ್ರಾಯ.

ಗುಜರಿಯವನು ಹೆಚ್ಚು ಕೊಡುತ್ತಾನೆಂಬ ಆಕ್ಷೇಪ ಬರಬಹುದು. ಹಳ್ಳದ ನೀರಿಗೆ ಬೆಲೆ ಕಟ್ಟಿ ನೋಡಿದರೆ ಆ ಲೆಕ್ಕ ನಿಲ್ಲುವುದಿಲ್ಲ. ಮಾನ್ಯ ಸದಸ್ಯರು ಮುಂದಿನ ಮಹಾಸಭೆಯಲ್ಲಿ ಇದನ್ನು ಚರ್ಚಿಸಿ ತೀರ್ಮಾನಿಸಬೇಕು. ಅಲ್ಲಿಯವರೆಗೆ, ಹೊಸ ಬ್ಯಾಟರಿ ಕೊಳ್ಳುವಾಗ ಹಳೆಯದನ್ನು ಅಂಗಡಿಗೇ ಕೊಟ್ಟು ಬೆಲೆಯಲ್ಲಿ ವಜಾ ಪಡೆಯಿರಿ. ಉಳಿದುದನ್ನು ಒಡೆಯದೆ, ಸುಡದೆ, ಮಳೆ ತಾಗದ ಕಡೆ ತೆಗೆದಿಡಿ.