ನೆಲದಿಂದ ಏಳುವ ಬಲ

ಕಳೆದ ವರ್ಷ ನಮ್ಮ ಮನೆಯಲ್ಲಿ ಸತ್ಯನಾರಾಯಣ ಪೂಜೆ ನಡೆಯಿತು. ಕಥಾಶ್ರವಣ ಮುಗಿದು ಮಂಗಳಾರತಿಯ ವೇಳೆಗೆ ಎಲ್ಲರೂ ಎದ್ದು ನಿಂತರು. ಮನೆಯ ಯಜಮಾನನಾದ ನಾನೊಬ್ಬನೇ ಮಣೆಯ ಮೇಲೆ ಉಳಿದೆನು. ಭಕ್ತಿಯ ಆಧಿಕ್ಯದಿಂದಲ್ಲ, ಏಳಲಾಗದೆ. ಕೈ ಊರಿದೆ, ಮಂಡಿ ಊರಿದೆ, ಕೊನೆಗೆ ಮಂಟಪದ ಬಾಳೆಕಂದಿಗೇ ಕೈಹಾಕಿದೆ. ಮಂಟಪ ಓಲಾಡಿತು, ಪುರೋಹಿತರು ಗಾಬರಿಯಿಂದ ಕಲಶವನ್ನು ಹಿಡಿದುಕೊಂಡರು. ಪಕ್ಕದ ಚಾಪೆಯಿಂದ ಯಾವ ಆಸರೆಯೂ ಇಲ್ಲದೆ ಎದ್ದು ನಿಂತಿದ್ದ ನನ್ನ ಚಿಕ್ಕಮ್ಮ ಕೈ ನೀಡಿ, “ಏಳಪ್ಪಾ, ಆರತಿ ಆರಿಹೋಗುತ್ತೆ” ಎಂದರು. ಅವರಿಗೆ 78 ವರ್ಷ, ನನಗೆ 58.

ನಾನೇನೂ ಸೋಮಾರಿಯಲ್ಲ. ದಿನವೂ ಬೆಳಿಗ್ಗೆ ಲಾಲ್‌ಬಾಗಿನಲ್ಲಿ ಒಂದು ಗಂಟೆ ನಡೆಯುವವನು. ಆದರೆ ನಡಿಗೆಯು ಶರೀರವನ್ನು ಮುಂದಕ್ಕೆ ಒಯ್ಯುತ್ತದೆಯೇ ಹೊರತು ಮೇಲಕ್ಕೆ ಎತ್ತುವುದಿಲ್ಲ. ಹೃದಯಕ್ಕೂ ಉಸಿರಿಗೂ ಅದು ಒಳ್ಳೆಯದೆಂಬುದರಲ್ಲಿ ಸಂಶಯವಿಲ್ಲ. ನೆಲದಿಂದ ಏಳುವುದಕ್ಕೆ ಬೇಕಾದುದು ತೊಡೆಯ ಹಾಗೂ ಸೊಂಟದ ಬಲ, ಕಣಕಾಲಿನ ಬಾಗುವಿಕೆ, ದೇಹದ ಸಮತೋಲ. ಇವು ಬೇರೆಯೇ ಅಭ್ಯಾಸವನ್ನು ಕೇಳುತ್ತವೆ.

ಚಿಕ್ಕಮ್ಮ ಯಾವ ವ್ಯಾಯಾಮವನ್ನೂ ಮಾಡಿದವರಲ್ಲ. ಇಂದಿಗೂ ಹಳ್ಳಿಯಲ್ಲಿರುವ ಅವರು ಕುಕ್ಕರಗಾಲಿನಲ್ಲಿ ಕುಳಿತು ರಂಗೋಲಿ ಇಡುತ್ತಾರೆ; ನೆಲದ ಮೇಲೆ ಈಳಿಗೆಮಣೆಯ ಮುಂದೆ ಕುಳಿತು ತರಕಾರಿ ಹೆಚ್ಚುತ್ತಾರೆ; ಚಾಪೆಯ ಮೇಲೆ ಮಲಗುತ್ತಾರೆ. ದಿನಕ್ಕೆ ಹತ್ತಿಪ್ಪತ್ತು ಸಲವಾದರೂ ನೆಲಕ್ಕೆ ಇಳಿದು ನೆಲದಿಂದ ಏಳುತ್ತಾರೆ. ಪಟ್ಟಣದ ನಮ್ಮ ಮನೆಗಳಲ್ಲಾದರೋ ಎಲ್ಲವೂ ಒಂದೂವರೆ ಅಡಿ ಮೇಲಕ್ಕೆ ಏರಿ ಕುಳಿತಿದೆ. ಊಟ ಮೇಜಿನ ಮೇಲೆ, ಅಡಿಗೆ ಕಟ್ಟೆಯ ಮೇಲೆ, ನಿದ್ರೆ ಮಂಚದ ಮೇಲೆ, ಶೌಚವೂ ಪೀಠದ ಮೇಲೆ. ನೆಲವೆಂಬುದು ನಡೆದಾಡುವುದಕ್ಕೆ ಮಾತ್ರ ಉಳಿದಿದೆ. ಹಾಗೆಂದು ಒರಳುಕಲ್ಲು, ಹೊಗೆಯ ಒಲೆಗಳ ಕಾಲ ಮರಳಿ ಬರಲಿ ಎಂದು ನಾನು ಹೇಳುತ್ತಿಲ್ಲ. ಆ ಶ್ರಮವನ್ನು ಹೊತ್ತ ಹೆಂಗಸರು ಯಾರೂ ಅದನ್ನು ಬಯಸಲಾರರು. ಶ್ರಮ ಹೋದದ್ದು ಒಳ್ಳೆಯದಾಯಿತು. ಅದರ ಜೊತೆಯಲ್ಲಿ ಏಳುವ ಅಭ್ಯಾಸವೂ ಹೋಯಿತೆಂಬುದೇ ಚಿಂತೆ.

ಇದನ್ನು ಇಷ್ಟು ಗಂಭೀರವಾಗಿ ಹೇಳುವುದಕ್ಕೆ ಒಂದು ಕಾರಣವಿದೆ. ಚಿಕ್ಕಮ್ಮನ ಅಕ್ಕ, ಅಂದರೆ ನಮ್ಮ ತಾಯಿ, ಕೊನೆಯ ಕಾಲವನ್ನು ಬೆಂಗಳೂರಿನಲ್ಲಿ ನಮ್ಮೊಡನೆ ಕಳೆದರು. ಅವರನ್ನು ನಾವು ಬಹಳ ಪ್ರೀತಿಯಿಂದ ನೋಡಿಕೊಂಡೆವು. ಎತ್ತರದ ಮಂಚ, ಮೆತ್ತನೆಯ ಕುರ್ಚಿ. ನೀರು ಬೇಕೆಂದು ಎದ್ದರೆ, “ನೀನು ಕೂತಿರಮ್ಮ, ನಾವು ತರ್ತೀವಿ.” ಹೂವು ಬಿಡಿಸಲು ಹೊರಟರೆ, “ನಿನಗೇಕಮ್ಮ ಕಷ್ಟ?” 2011ರಲ್ಲಿ, ಅವರ 74ನೆಯ ವಯಸ್ಸಿನಲ್ಲಿ, ಒಂದು ದಿನ ಬಚ್ಚಲುಮನೆಯಲ್ಲಿ ಜಾರಿ ಬಿದ್ದರು. ಮನೆಯಲ್ಲಿ ಯಾರೂ ಇರಲಿಲ್ಲ. ಒಳಗಿನಿಂದ ಅಗುಳಿ ಹಾಕಿತ್ತು. ಎರಡು ಗಂಟೆಯ ಮೇಲೆ ನಾವು ಬಂದು ಬಾಗಿಲು ಒಡೆದಾಗ ಒದ್ದೆ ನೆಲದ ಮೇಲೆ ನಡುಗುತ್ತ ಮಲಗಿದ್ದರು. ಒಂದು ಮೂಳೆಯೂ ಮುರಿದಿರಲಿಲ್ಲ. ಏಳಲು ಬಲವಿರಲಿಲ್ಲ, ಅಷ್ಟೆ.

ಅಂದಿನಿಂದ ಅವರು ಒಬ್ಬರೇ ಬಚ್ಚಲಿಗೆ ಹೋಗಲಿಲ್ಲ. ಆಮೇಲೆ ಅಂಗಳಕ್ಕೂ ಇಳಿಯಲಿಲ್ಲ. ಬಿದ್ದುದಕ್ಕಿಂತ ಏಳಲಾಗದೆ ಹೋದುದೇ ಅವರ ಧೈರ್ಯವನ್ನು ಮುರಿದಿತ್ತು. ನಮ್ಮ ಪ್ರೀತಿ ಅವರಿಂದ ಏನನ್ನು ಕಸಿದುಕೊಂಡಿತೆಂಬುದು, ಮಂಟಪದ ಮುಂದೆ ನಾನೇ ಏಳಲಾಗದೆ ಕುಳಿತ ದಿನ ನನಗೆ ಅರ್ಥವಾಯಿತು.

ಇಬ್ಬರು ಅಕ್ಕತಂಗಿಯರ ಉದಾಹರಣೆಯಿಂದ ಸಿದ್ಧಾಂತ ಮಾಡುವುದು ತರವಲ್ಲ. ಆದುದರಿಂದ ಬಲ್ಲವರ ಮಾತನ್ನು ನೋಡೋಣ. ಬ್ರೆಜಿಲ್ ದೇಶದ ರಿಯೊ ಡಿ ಜನೈರೊ ನಗರದಲ್ಲಿ ಡಾಕ್ಟರ್ ಕ್ಲಾಡಿಯೊ ಗಿಲ್ ಅರಾಯುಜೊ ಮತ್ತು ಅವರ ಸಂಗಡಿಗರು 51ರಿಂದ 80 ವಯಸ್ಸಿನ 2002 ಮಂದಿಗೆ ಒಂದು ಪರೀಕ್ಷೆ ಕೊಟ್ಟರು. ನೆಲದ ಮೇಲೆ ಕೂರಬೇಕು, ಏಳಬೇಕು, ಅಷ್ಟೇ. ಕೂರುವುದಕ್ಕೆ 5 ಅಂಕ, ಏಳುವುದಕ್ಕೆ 5. ಕೈಯನ್ನೋ ಮಂಡಿಯನ್ನೋ ಊರಿದರೆ ಸಲಕ್ಕೆ ಒಂದು ಅಂಕ ಕಡಿತ. ಓಲಾಡಿದರೆ ಅರ್ಧ ಅಂಕ. ಬಳಿಕ ಆರು ವರ್ಷಗಳಷ್ಟು ಕಾಲ ಅವರನ್ನು ಗಮನಿಸಿ, 2012ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. 8 ಅಥವಾ ಅದಕ್ಕೂ ಹೆಚ್ಚು ಅಂಕ ಪಡೆದವರಿಗಿಂತ 3 ಅಥವಾ ಅದಕ್ಕೂ ಕಡಿಮೆ ಪಡೆದವರಲ್ಲಿ ಮರಣದ ಸಂಭವ ಐದು ಪಟ್ಟಿಗೂ ಮೀರಿತ್ತು. ಅಂಕವೇ ಆಯುಸ್ಸನ್ನು ಕಳೆಯುತ್ತದೆಂದು ಯಾರೂ ಭಯಪಡಬೇಕಾಗಿಲ್ಲ. ಬಲ, ಬಾಗುವಿಕೆ, ಸಮತೋಲ ಮೂರೂ ಎಷ್ಟೆಷ್ಟು ಉಳಿದಿವೆ ಎಂಬುದಕ್ಕೆ ಅದೊಂದು ಲೆಕ್ಕಪತ್ರ.

ಕಳೆದುಹೋದುದು ಮರಳಿ ಬರುವುದೇ? ಬರುತ್ತದೆ. 1990ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಡಾಕ್ಟರ್ ಮರಿಯಾ ಫಿಯಾಟರೋನ್ ಮತ್ತು ಅವರ ಸಂಗಡಿಗರು ವೃದ್ಧಾಶ್ರಮದಲ್ಲಿದ್ದ ಸುಮಾರು 90 ವರ್ಷದ ಹತ್ತು ಮಂದಿಗೆ ಭಾರ ಎತ್ತುವ ಅಭ್ಯಾಸ ಮಾಡಿಸಿದರು. ಎಂಟು ವಾರಗಳನ್ನು ಪೂರೈಸಿದ ಒಂಬತ್ತು ಮಂದಿಯಲ್ಲಿ ಕಾಲಿನ ಬಲ ಸರಾಸರಿ ಶೇಕಡ 174ರಷ್ಟು ಹೆಚ್ಚಿತು; ಇಬ್ಬರು ಊರುಗೋಲನ್ನೇ ಬಿಟ್ಟರು. ತೊಂಬತ್ತರಲ್ಲಿ ಆದುದು ಐವತ್ತೆಂಟರಲ್ಲಿ ಆಗದೆ ಹೋದೀತೇ?

ಈಗಿನವರು ಇದನ್ನು ‘ಫಂಕ್ಷನಲ್ ಟ್ರೈನಿಂಗ್’ ಎನ್ನುತ್ತಾರೆ. ನಿತ್ಯದ ಕೆಲಸಕ್ಕೆ ಒದಗುವ ವ್ಯಾಯಾಮವೆಂದು ಅದರ ಅರ್ಥ. ನಮ್ಮ ಗರಡಿಮನೆಗಳ ಬಸ್ಕಿಯೂ ಇದೇ ಜಾತಿಯದು. ಆದರೆ ಮೊದಲ ದಿನವೇ ನೂರು ಬಸ್ಕಿಗೆ ಇಳಿಯುವುದು ಅವಿವೇಕ. ನಾನು ಹಿಡಿದ ಕ್ರಮ ಹೀಗಿದೆ:

ಮೊದಲು, ಗೋಡೆಗೆ ಒತ್ತಿಟ್ಟ ಗಟ್ಟಿಯಾದ ಕುರ್ಚಿಯಿಂದ, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಏಳುವುದು. ಕೂರುವಾಗ ದೊಪ್ಪನೆ ಬೀಳದೆ, ನಾಲ್ಕು ಎಣಿಸುವಷ್ಟು ನಿಧಾನವಾಗಿ ಇಳಿಯಬೇಕು. ಹತ್ತು ಸಲ, ವಿಶ್ರಾಂತಿ, ಮತ್ತೆ ಹತ್ತು ಸಲ. ಉಸಿರನ್ನು ಬಿಗಿಹಿಡಿಯಕೂಡದು. ಇದು ಸುಲಭವಾದ ಮೇಲೆ ಗಿಡ್ಡ ಸ್ಟೂಲು, ಅನಂತರ ಮಣೆ.

ಎರಡನೆಯದು, ಅಡಿಗೆಯ ಕಟ್ಟೆಯನ್ನು ಹಿಡಿದು ಒಂದೇ ಕಾಲಿನ ಮೇಲೆ ನಿಲ್ಲುವುದು, ಹಿಮ್ಮಡಿ ಎತ್ತಿ ಇಳಿಸುವುದು. ಹಾಲು ಕಾಯುವಷ್ಟು ಹೊತ್ತು ಸಾಕು. ಹಾಲು ಉಕ್ಕಿದರೆ ಹೊಣೆ ನನ್ನದಲ್ಲ.

ಮೂರನೆಯದು, ಎರಡು ಕೈಗಳಲ್ಲಿ ಸಮತೂಕದ ಚೀಲಗಳನ್ನು ಹಿಡಿದು ನೆಟ್ಟಗೆ ನಡೆಯುವುದು. ಮಾರುಕಟ್ಟೆಯಿಂದ ಬರುವಾಗ ತಾನಾಗಿಯೇ ಆಗುವ ವ್ಯಾಯಾಮವಿದು. ನೆಲದಿಂದ ಅಕ್ಕಿಯ ಚೀಲವನ್ನೆತ್ತುವಾಗ ಬೆನ್ನನ್ನು ಬಿಲ್ಲಿನಂತೆ ಬಗ್ಗಿಸದೆ, ಮಂಡಿ ಸೊಂಟಗಳನ್ನು ಮಡಿಸಿ, ಭಾರವನ್ನು ಮೈಗೆ ಹತ್ತಿರ ಹಿಡಿದು ಏಳಬೇಕು.

ನಾಲ್ಕನೆಯದನ್ನು ಮನೆಯ ಹಿರಿಯರಿಗೆ, ಪಕ್ಕದಲ್ಲಿ ಒಬ್ಬರು ನಿಂತು, ತಪ್ಪದೆ ಕಲಿಸಬೇಕು. ಬಿದ್ದರೆ ತಕ್ಷಣ ಏಳಲು ಹೆಣಗದೆ ಮೊದಲು ಸುಧಾರಿಸಿಕೊಳ್ಳುವುದು. ಪೆಟ್ಟಿಲ್ಲವೆಂದು ತಿಳಿದ ಮೇಲೆ ಮಗ್ಗುಲಿಗೆ ಹೊರಳಿ, ಮೊಳಕೈ ಊರಿ, ಕೈ ಮಂಡಿಗಳ ಮೇಲೆ ಬರುವುದು. ಮಗುವಿನಂತೆ ಅಂಬೆಗಾಲಿಟ್ಟು ಮಂಚವನ್ನೋ ಕುರ್ಚಿಯನ್ನೋ ಸೇರಿ, ಅದರ ಮೇಲೆ ಎರಡು ಕೈಗಳನ್ನಿಟ್ಟು, ಒಂದು ಪಾದವನ್ನು ಮುಂದೂರಿ ಎದ್ದು, ತಿರುಗಿ ಕುಳಿತುಕೊಳ್ಳುವುದು. ತೀವ್ರವಾದ ನೋವಿದ್ದರೆ ಏಳದೆ ಕೂಗಿ ಕರೆಯಬೇಕು. ಬಚ್ಚಲಿಗೆ ಒಳಗಿನ ಅಗುಳಿ ಬೇಡ. ಈ ಹತ್ತು ನಿಮಿಷದ ಪಾಠವನ್ನು ನಾವು ನಮ್ಮ ತಾಯಿಗೆ ಕಲಿಸಿರಲಿಲ್ಲ.

65 ದಾಟಿದವರು ವಾರಕ್ಕೆ ಮೂರು ದಿನವಾದರೂ ಬಲ ಹಾಗೂ ಸಮತೋಲದ ಅಭ್ಯಾಸ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ತಿಳಿಸಿದೆ. ಹೃದ್ರೋಗ, ಏರಿದ ರಕ್ತದೊತ್ತಡ, ತಲೆಸುತ್ತು, ಟೊಳ್ಳು ಮೂಳೆ, ಮಂಡಿಯ ಶಸ್ತ್ರಚಿಕಿತ್ಸೆ ಇವುಗಳಲ್ಲಿ ಯಾವುದೊಂದಿದ್ದರೂ ಮೊದಲು ವೈದ್ಯರನ್ನು ಕೇಳಿಯೇ ತೊಡಗಬೇಕು. ಬೇಳೆ, ಕಾಳು, ಹಾಲು, ಮೊಸರು, ಒಗ್ಗುವವರಿಗೆ ಮೊಟ್ಟೆ ಊಟದಲ್ಲಿರಲಿ; ಸ್ನಾಯು ಬೆಳೆಯುವುದು ಬರಿಯ ಅನ್ನದಿಂದಲ್ಲ.

ವಾಚಕರಲ್ಲಿ ನನ್ನದೊಂದು ವಿಜ್ಞಾಪನೆ. ನಿಮ್ಮ ಮನೆಯ ಹಿರಿಯರು ತಾವೇ ನೀರು ತರಲು ಎದ್ದರೆ ತಡೆಯಬೇಡಿರಿ. ಪಕ್ಕದಲ್ಲಿರಿ, ಎಚ್ಚರದಿಂದಿರಿ, ಆದರೆ ಅವರ ಪರವಾಗಿ ನೀವು ಏಳಬೇಡಿರಿ.

ಈ ಯುಗಾದಿಗೆ ಚಿಕ್ಕಮ್ಮ ಬಂದಿದ್ದರು. ಎಲ್ಲರೂ ನೆಲದ ಮೇಲೆ ಎಲೆ ಹಾಕಿಕೊಂಡು ಊಟಮಾಡಿದೆವು. ಕೈ ತೊಳೆಯಲು ಏಳುವ ಹೊತ್ತಿಗೆ ಚಿಕ್ಕಮ್ಮ ಅಭ್ಯಾಸಬಲದಿಂದ ನನ್ನತ್ತ ಕೈ ನೀಡಿದರು. ನನ್ನ ಮುಖ ನೋಡಿ ಹಿಂದಕ್ಕೆ ತೆಗೆದುಕೊಂಡರು. ನಾನು ಒಂದು ಕೈಯನ್ನು ಮಂಡಿಯ ಮೇಲೆ ಊರಿ ಎದ್ದು ನಿಂತೆನು. ಬ್ರೆಜಿಲಿನ ವೈದ್ಯರ ಲೆಕ್ಕದಲ್ಲಿ ಒಂದು ಅಂಕ ಹೋಯಿತು. ಹೋಗಲಿ, ಬರುವ ಯುಗಾದಿಯ ವೇಳೆಗೆ ಅದನ್ನೂ ಗಳಿಸುವ ಆಸೆ ಇದೆ.