ಅಚ್ಚು ತಪ್ಪಿದ ನಾಣ್ಯ



ಈ ಸಲ ಬಂದ ಕಾಗದಗಳಲ್ಲಿ ಒಂದನ್ನು ಎಲ್ಲಕ್ಕಿಂತ ಮೊದಲು ಎತ್ತಿಕೊಳ್ಳುತ್ತೇನೆ. ತಡ ಮಾಡಿದರೆ ಬರೆದವರ ದುಡ್ಡು ಹೋಗುತ್ತೆ. ಅವರ ಸಾಸಿವೆ ಡಬ್ಬಿಯಲ್ಲಿ ಒಂದು ಐದು ರೂಪಾಯಿ ನಾಣ್ಯ ಸಿಕ್ಕಿದೆಯಂತೆ. ಅದರ ಮೇಲಿನ 5 ಅನ್ನೋ ಅಂಕಿ ನೆರಳು ಬಿದ್ದ ಹಾಗೆ ಎರಡೆರಡಾಗಿ ಕಾಣುತ್ತದೆಯಂತೆ. ಮೊಬೈಲಿನಲ್ಲಿ ಬಂದ ಜಾಹೀರಾತು ನೋಡಿ ಫೋಟೋ ಕಳಿಸಿದ್ದಾರೆ. "ಮೂರು ಲಕ್ಷ ಕೊಡುತ್ತೇವೆ, ಮೊದಲು ನೋಂದಣಿಗೆ 1,850 ರೂಪಾಯಿ ಹಾಕಿ" ಅಂತ ಉತ್ತರ ಬಂದಿದೆ. "ಯಜಮಾನರಿಗೆ ಹೇಳಿಲ್ಲ, ಮಗಳ ಕಾಲೇಜು ಫೀಸಿಗಾದರೂ ಆಗುತ್ತೆ ಅಂತ ಆಸೆ. ಕಳಿಸಲೇ?" ಅಂತ ಕೇಳಿದ್ದಾರೆ.

ಬೇಡ ತಾಯಿ, ಒಂದು ಪೈಸೆಯನ್ನೂ ಕಳಿಸಬೇಡಿ. ಕೊಳ್ಳುವವನು ದುಡ್ಡು ಕೊಡಬೇಕೇ ಹೊರತು ಮಾರುವವಳ ಹತ್ತಿರ ಮುಂಗಡ ಕೇಳುವುದು ಯಾವ ಊರಿನ ವ್ಯಾಪಾರ? ರಿಸರ್ವ್ ಬ್ಯಾಂಕಿನ ಹೆಸರು, ಮುದ್ರೆ ತೋರಿಸಿಯೂ ಹೀಗೆ ಕೇಳುವವರಿದ್ದಾರೆ. ಹಳೇ ನೋಟು, ನಾಣ್ಯ ಕೊಳ್ಳುವ ಮಾರುವ ವ್ಯವಹಾರ ತನ್ನದಲ್ಲ, ಅದಕ್ಕೆ ಶುಲ್ಕ, ಕಮಿಷನ್ ವಸೂಲಿ ಮಾಡಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ಆ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಪ್ರಕಟಣೆ ಕೊಟ್ಟಿದೆ.

ಹಾಗಾದರೆ ತಪ್ಪಾಗಿ ಅಚ್ಚಾದ ನಾಣ್ಯ ಅನ್ನೋದೇ ಸುಳ್ಳೇ? ಖಂಡಿತ ಸುಳ್ಳಲ್ಲ. ಅದು ಹೇಗೆ ಆಗುತ್ತದೆಂದು ತಿಳಿದುಕೊಂಡರೆ ಸಾಕು, ಮೋಸ ತಾನಾಗಿ ಕಾಣುತ್ತದೆ. ಅಡುಗೆಮನೆಯವರಾದ ನಮಗೆ ಇದು ಬಲು ಸುಲಭ, ನೋಡಿ.

ನಮ್ಮ ದೇಶದಲ್ಲಿ ನಾಣ್ಯ ತಯಾರಾಗುವುದು ಮುಂಬೈ, ಕೋಲ್ಕತ್ತ, ಹೈದರಾಬಾದ್, ನೋಯ್ಡಾ ಈ ನಾಲ್ಕು ಟಂಕಸಾಲೆಗಳಲ್ಲಿ. ಇಸವಿಯ ಕೆಳಗೆ ಕಣ್ಣಿಟ್ಟು ನೋಡಿ. ವಜ್ರದಾಕಾರದ ಗುರುತಿದ್ದರೆ ಮುಂಬೈಯದು, ನಕ್ಷತ್ರವಿದ್ದರೆ ಹೈದರಾಬಾದಿನದು, ದುಂಡು ಚುಕ್ಕೆಯಿದ್ದರೆ ನೋಯ್ಡಾದ್ದು, ಏನೂ ಇಲ್ಲದಿದ್ದರೆ ಕೋಲ್ಕತ್ತದ್ದು. ಗುರುತಿಲ್ಲವೆಂದು ಅದನ್ನೇ ತಪ್ಪು ನಾಣ್ಯ ಅಂದುಕೊಳ್ಳುವವರೂ ಇದ್ದಾರೆ!

ಮೊದಲು ಲೋಹದ ಪಟ್ಟಿಯಿಂದ ದುಂಡು ಬಿಲ್ಲೆಗಳನ್ನು ಕತ್ತರಿಸುತ್ತಾರೆ. ನಾವು ಹಿಟ್ಟನ್ನು ಅಗಲವಾಗಿ ಲಟ್ಟಿಸಿ ಡಬ್ಬಿಯ ಮುಚ್ಚಳದಿಂದ ಪೂರಿ ಕತ್ತರಿಸುವುದಿಲ್ಲವೇ, ಥೇಟ್ ಹಾಗೇ. ಮುಚ್ಚಳವನ್ನು ಆಗಲೇ ಕತ್ತರಿಸಿದ ಜಾಗದ ಮೇಲೆ ಸ್ವಲ್ಪ ಒತ್ತಿಬಿಟ್ಟರೆ ಪೂರಿಯ ಒಂದು ಕಡೆ ಕಚ್ಚಿದ ಹಾಗೆ ಅರ್ಧಚಂದ್ರ ಬೀಳುತ್ತದೆ. ನಾಣ್ಯದಲ್ಲೂ ಹಾಗೆ ಅರ್ಧಚಂದ್ರ ಬಿದ್ದದ್ದು ಉಂಟು. ಪಟ್ಟಿಯ ತುದಿಯಲ್ಲಿ ಕತ್ತರಿಸಿದ್ದಾದರೆ ಅಂಚು ನೇರವಾಗಿ ಹೋಗಿರುತ್ತದೆ.

ಆಮೇಲೆ ಬಿಲ್ಲೆಗಳನ್ನು ಕಾಯಿಸಿ ಮೆದು ಮಾಡಿ, ತೊಳೆದು, ಅಂಚು ಎಬ್ಬಿಸಿ ಒತ್ತುವ ಯಂತ್ರಕ್ಕೆ ಹಾಕುತ್ತಾರೆ. ಮೇಲೊಂದು ಉಕ್ಕಿನ ಅಚ್ಚು, ಕೆಳಗೊಂದು ಅಚ್ಚು. ಲೋಹ ಹರಡಿಕೊಳ್ಳದ ಹಾಗೆ ಸುತ್ತಲೂ ಒಂದು ಉಕ್ಕಿನ ಬಳೆ. ಯಂತ್ರ ಒಂದು ನಿಮಿಷಕ್ಕೆ ನೂರಾರು ಒತ್ತುತ್ತದೆ. ಆ ಅವಸರದಲ್ಲಿ ಎಡವಟ್ಟು ಆಗದೆ ಇರುತ್ತದೆಯೇ? ಬಿಲ್ಲೆ ಸರಿಯಾಗಿ ಕೂರದಿದ್ದರೆ ಚಿತ್ರ ಒಂದು ಮಗ್ಗುಲಿಗೆ ಬಿದ್ದು ಇನ್ನೊಂದು ಮಗ್ಗುಲು ಬೋಳು. ಬಳೆ ಕೆಲಸ ಮಾಡದಿದ್ದರೆ ನಾಣ್ಯ ಚಪ್ಪಟೆಯಾಗಿ ಅಗಲ. ಒಮ್ಮೊಮ್ಮೆ ಒತ್ತಿದ ನಾಣ್ಯ ಕೆಳಗೆ ಬೀಳದೆ ಮೇಲಿನ ಅಚ್ಚಿಗೇ ಅಂಟಿಕೊಳ್ಳುತ್ತದೆ. ಆಗ ಮುಂದಿನ ಬಿಲ್ಲೆಯ ಒಂದು ಮುಖ ಸರಿಯಾಗಿ ಬಂದರೂ, ಇನ್ನೊಂದು ಮುಖದಲ್ಲಿ ಅಂಟಿಕೊಂಡ ನಾಣ್ಯದ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ, ತಗ್ಗಾಗಿ ಮೂಡುತ್ತದೆ. ನಾಣ್ಯ ಸಂಗ್ರಹಿಸುವವರು ಇದನ್ನು 'ಲಾಖಿ' ಅನ್ನುತ್ತಾರೆ.

ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡುವವರಿಗೆ ಮುಂದಿನದನ್ನು ಹೇಳಲೇಬೇಕಿಲ್ಲ. ಮರದ ಅಚ್ಚಿನಲ್ಲಿ ಬಿರುಕು ಬಿಟ್ಟರೆ ಗಿಣಿಯ ಮೈಮೇಲೆ ಎದ್ದ ಗೆರೆ ಬರುತ್ತದೆ. ತೊಳೆಯದೆ ಹಾಗೇ ಹೊಯ್ದರೆ ಕೊಕ್ಕೇ ಮೂಡುವುದಿಲ್ಲ. ಟಂಕಸಾಲೆಯ ಅಚ್ಚಿನಲ್ಲೂ ಜಿಡ್ಡು, ಲೋಹದ ಪುಡಿ ತುಂಬಿಕೊಂಡು ಇಸವಿಯ ಒಂದು ಅಂಕಿಯೇ ಮಾಯವಾಗುವುದುಂಟು. ಬಿರುಕಿದ್ದರೆ ಎದ್ದ ಗೆರೆ. ಈ 'ಎದ್ದ' ಅನ್ನೋ ಮಾತನ್ನು ಗಟ್ಟಿಯಾಗಿ ನೆನಪಿಡಿ. ಉಗುರಿಗೆ ಗೆರೆ ಉಬ್ಬಾಗಿ ತಾಗಿದರೆ ಅಚ್ಚಿನ ದೋಷವಿರಬಹುದು. ತಗ್ಗಾಗಿ ತಾಗಿದರೆ ಆಮೇಲೆ ಯಾರೋ ಗೀಚಿದ್ದೇ ಹೆಚ್ಚು.

ಇನ್ನು ಕಾಗದ ಬರೆದ ಸೋದರಿಯ ಜೋಡಿ ಅಂಕಿ. ಅಚ್ಚು ಸಡಿಲವಾಗಿದ್ದರೆ ಒತ್ತಿ ಮೇಲೇಳುವಾಗ ಅದುರಿ ಅಂಕಿಯ ಪಕ್ಕಕ್ಕೆ ಚಪ್ಪಟೆ ಮೆಟ್ಟಿಲಿನಂಥ ನೆರಳು ಬೀಳುತ್ತದೆ. ಇದು ತೀರಾ ಸಾಮಾನ್ಯ, ಇದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಅವರು ಬರೆದದ್ದನ್ನು ಓದಿದರೆ ನನಗೆ ಇದೇ ಅನ್ನಿಸುತ್ತದೆ. ನಿಜವಾಗಿ ಎರಡು ಸಲ ಒತ್ತಿದ್ದಾದರೆ ಎರಡನೆಯ ಚಿತ್ರಕ್ಕೂ ಮೊದಲನೆಯದರಂತೆ ಉಬ್ಬು, ದುಂಡಗಿನ ಮೈ ಇರುತ್ತದೆ.

ಹೊರದೇಶಗಳಲ್ಲಿ ಹೆಸರಾದ ಎರಡು ಎಡವಟ್ಟುಗಳನ್ನೂ ಹೇಳಿಬಿಡುತ್ತೇನೆ. 2008ರಲ್ಲಿ ಬ್ರಿಟನ್ನಿನ ಟಂಕಸಾಲೆಯವರು 20 ಪೆನ್ಸ್ ನಾಣ್ಯದ ಚಿತ್ರ ಬದಲಿಸುವಾಗ ಇಸವಿಯನ್ನು ಹಿಂದಿನ ಮುಖದಿಂದ ರಾಣಿಯ ಮುಖದ ಕಡೆಗೆ ತಂದರು. ಆದರೆ ಇಸವಿಯಿಲ್ಲದ ಹಳೇ ರಾಣಿಯ ಅಚ್ಚು ಇಸವಿಯಿಲ್ಲದ ಹೊಸ ಹಿಂಬದಿಯ ಅಚ್ಚಿಗೆ ಜೋಡಿಯಾಗಿಬಿಟ್ಟಿತು. ಎರಡು ಕಡೆಯೂ ಇಸವಿಯೇ ಇಲ್ಲ! ಇಂಥವು 50 ಸಾವಿರದಿಂದ 2 ಲಕ್ಷದವರೆಗೆ ಹೊರಬಿದ್ದವೆಂದು ಅಂದಾಜು.

ಇನ್ನೊಂದು ಅಮೆರಿಕದ್ದು. ಯುದ್ಧಕ್ಕೆ ತಾಮ್ರ ಬೇಕೆಂದು 1943ರಲ್ಲಿ ಒಂದು ಸೆಂಟ್ ನಾಣ್ಯವನ್ನು ಸತು ಲೇಪಿಸಿದ ಉಕ್ಕಿನಲ್ಲಿ ಒತ್ತಿದರು. ಹಿಂದಿನ ವರ್ಷದ ಕೆಲವು ಕಂಚಿನ ಬಿಲ್ಲೆಗಳು ಯಂತ್ರದ ತೊಟ್ಟಿಯಲ್ಲಿ ಉಳಿದುಕೊಂಡು ಅವುಗಳ ಜೊತೆಗೇ ಅಚ್ಚಾದವು. ಅಂಥದೊಂದು 1947ರಲ್ಲಿ ಒಬ್ಬ ಶಾಲಾ ಹುಡುಗನಿಗೆ ಕ್ಯಾಂಟೀನಿನ ಚಿಲ್ಲರೆಯಲ್ಲಿ ಸಿಕ್ಕಿತು. ಜೀವಮಾನವಿಡೀ ಜೋಪಾನ ಮಾಡಿದ. 2019ರ ಜನವರಿಯಲ್ಲಿ ಅದು ಹರಾಜಿನಲ್ಲಿ 2,04,000 ಡಾಲರಿಗೆ ಹೋಯಿತು. ಉಕ್ಕಿನದಕ್ಕೇ ತಾಮ್ರದ ನೀರು ಕುಡಿಸಿ ಮಾರುವವರಿಗೇನು ಬರ? ಆದರೆ ಅದು ಅಯಸ್ಕಾಂತಕ್ಕೆ ಅಂಟಿಕೊಂಡು ಗುಟ್ಟು ಬಿಟ್ಟುಕೊಡುತ್ತದೆ.

ನಮ್ಮಲ್ಲಿ ನಡೆಯುವ ಕೈಚಳಕವೂ ಕಡಿಮೆಯದಲ್ಲ. ಎರಡು ನಾಣ್ಯಗಳನ್ನು ಇಕ್ಕುಳದಲ್ಲಿ ಅದುಮಿ 'ಲಾಖಿ' ಅನ್ನುತ್ತಾರೆ. ನಿಜವಾದ ಲಾಖಿಯ ತಗ್ಗು ಚಿತ್ರ ಸ್ಪಷ್ಟ, ಅದುಮಿದ್ದರಲ್ಲಿ ಎರಡು ಚಿತ್ರ ಕಲಸಿಹೋಗಿರುತ್ತವೆ. ಹತ್ತು ರೂಪಾಯಿ ನಾಣ್ಯದ ನಡುವಿನ ಬಿಲ್ಲೆಯನ್ನು ತಟ್ಟಿ ತೆಗೆದು ತಿರುಗಿಸಿ ಕೂರಿಸುತ್ತಾರೆ. ಹೊಂದಿಕೆಯಲ್ಲಿ ಗೀರು, ಸಂದು ಕಾಣುತ್ತದೆ. ಅಂದ ಹಾಗೆ, ಹತ್ತರ ನಾಣ್ಯಗಳು ಬೇರೆ ಬೇರೆ ಥರ ಇರುವುದು ತಪ್ಪೇನಲ್ಲ. 14 ಬಗೆಯವೂ ಚಲಾವಣೆಯಲ್ಲಿವೆ ಎಂದು 2018ರ ಜನವರಿಯಲ್ಲೇ ರಿಸರ್ವ್ ಬ್ಯಾಂಕ್ ಸ್ಪಷ್ಟ ಮಾಡಿದೆ. ಅಂಗಡಿಯವರು ಮೂತಿ ತಿರುಗಿಸಿದರೆ ಹಾಗೇ ಹೇಳಿ.

ನಿಮ್ಮ ಚಿಲ್ಲರೆಯಲ್ಲೂ ಒಂದು ಪರೀಕ್ಷೆ ಮಾಡಬಹುದು. ಸಿಂಹಗಳ ತಲೆ ಮೇಲಿರುವಂತೆ ನಾಣ್ಯ ಹಿಡಿದು, ಪುಸ್ತಕದ ಹಾಳೆ ಮಗುಚಿದ ಹಾಗೆ ಪಕ್ಕಕ್ಕೆ ತಿರುಗಿಸಿ. ಹಿಂದಿನ ಮುಖವೂ ನೆಟ್ಟಗಿರಬೇಕು. ಓರೆಯಾಗಿದ್ದರೆ ಅಚ್ಚು ತಿರುಗಿದೆ ಎಂದರ್ಥ. ಸ್ವಲ್ಪ ಓರೆಯಾದದ್ದಕ್ಕೆ ಬೆಲೆಯಿಲ್ಲ, ಪೂರ್ತಿ ತಲೆಕೆಳಗಾಗಿದ್ದರೆ ಎತ್ತಿಡಿ. ಪೇಟೆಗೆ ಹೋದಾಗ ಒಬ್ಬರಲ್ಲ, ಇಬ್ಬರು ಮೂವರು ನಾಣ್ಯದ ವ್ಯಾಪಾರಿಗಳಿಗೆ ಕೈಯಲ್ಲೇ ಹಿಡಿದು ತೋರಿಸಿ. ಬಿಟ್ಟು ಮಾತ್ರ ಬರಬೇಡಿ.

ಅಲ್ಲಿಯವರೆಗೆ ಒಣ ಕಾಗದದ ಪೊಟ್ಟಣದಲ್ಲಿ ಸುತ್ತಿಡಿ. ಹಬ್ಬಕ್ಕೆ ಪಾತ್ರೆ ಬೆಳಗುವಾಗ ಅದನ್ನೂ ಹುಣಸೆಹಣ್ಣು ಹಾಕಿ ತಿಕ್ಕಿಬಿಟ್ಟೀರಿ! ನಿಜವಾದ ತಪ್ಪು ನಾಣ್ಯವಾದರೂ ತಿಕ್ಕಿದ ಮೇಲೆ ಬೆಲೆ ಇಳಿದುಹೋಗುತ್ತದೆ.