ಆಡುವ ಕೈ ಕನ್ನಡದ್ದು, ಆಟದ ಬಾಯಿ ಯಾರದ್ದು?



ಗಡಿ, ನದಿ, ನೌಕರಿ, ನಾಮಫಲಕ. ಈ ಪುಟದಲ್ಲಿ ನೀವು ಪ್ರತಿ ಸಲ ಓದುವುದು ಇವುಗಳ ಬಗ್ಗೆ. ಈ ಸಲ ವಿಡಿಯೋ ಗೇಮಿನ ಬಗ್ಗೆ ಬರೆಯುತ್ತಿದ್ದೇವೆ. ಹುಬ್ಬೇರಿಸಬೇಡಿ! ‘ಕೆಲಸವಿಲ್ಲದ ಹುಡುಗರ ಹುಚ್ಚಾಟಕ್ಕೆ ಸಂಪಾದಕೀಯವೇ?’ ಎಂದು ಪತ್ರಿಕೆ ಮಡಚಿಡುವ ಮುನ್ನ ನಿಮ್ಮ ಮನೆಯ ಪಡಸಾಲೆಗೊಮ್ಮೆ ಹೋಗಿ ನೋಡಿ. ಮೂಲೆಯಲ್ಲಿ ಮೊಬೈಲ್ ಹಿಡಿದು ಕೂತ ಮಗನೋ ಮೊಮ್ಮಗಳೋ ದಿನಕ್ಕೆ ಎಷ್ಟು ತಾಸು ಆ ಪರದೆಯ ಜೊತೆಗಿರುತ್ತಾರೆ, ಎಷ್ಟು ತಾಸು ಕನ್ನಡ ಪುಸ್ತಕದ ಜೊತೆಗಿರುತ್ತಾರೆ ಎಂದು ಲೆಕ್ಕ ಹಾಕಿ. ಆಮೇಲೆ ಮುಂದೆ ಓದಿ.

ಬ್ಯಾಡಗಿಯಲ್ಲಿ ಹುಟ್ಟಿ, ರಾಣೆಬೆನ್ನೂರಿನಲ್ಲಿ ಓದಿ, ಈಗ ಹಾವೇರಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿರುವ ಓದುಗರೊಬ್ಬರು ನಮಗೆ ನಾಲ್ಕು ಪುಟದ ಕಾಗದ ಬರೆದಿದ್ದಾರೆ. ವಯಸ್ಸು ನಲವತ್ತರ ಆಸುಪಾಸು. ‘ನಾ ಆಟದ ಹುಚ್ಚ ಅದೇನ್ರೀ, ಮುಚ್ಚಿಡೂದಿಲ್ಲ’ ಎಂದೇ ಶುರುಮಾಡಿದ್ದಾರೆ. ಅದರಲ್ಲಿ ನೆನಪುಗಳಿವೆ, ಖಾರವಾದ ಅಭಿಪ್ರಾಯಗಳಿವೆ, ಪ್ರಶ್ನೆಗಳಂತೂ ಸಾಲುಸಾಲಾಗಿವೆ. ಹೆಸರು ಹಾಕಬೇಡಿ ಎಂದಿದ್ದಾರೆ. ಮನೆಯಲ್ಲಿ ಬೈಯುತ್ತಾರಂತೆ! ಅವರ ಮಾತನ್ನು ಅವರ ಬಾಯಲ್ಲೇ ಕೇಳಿ:

‘ರಾಣೆಬೆನ್ನೂರಾಗ ಒಂದು ತಗಡಿನ ಶೆಡ್ಡಿನ್ಯಾಗ ಮೂರು ಗೇಮ್ ಮಷೀನ್ ಇದ್ವು. ಶನಿವಾರ ಮುಂಜಾನಿ ಸಾಲಿ ಬಿಟ್ಟ ಕೂಡ್ಲೇ ಅಲ್ಲಿಗೇ ಓಟ. ಒಂದು ರೂಪಾಯಿಗೆ ಒಂದು ಕಾಯಿನ್. ಪರದೆ ಮ್ಯಾಲೆ ಇನ್ಸರ್ಟ್ ಕಾಯಿನ್ ಅಂತ ಮಿಣಮಿಣ ಮಿನುಗತಿತ್ತು. ಎಷ್ಟೋ ದಿನ ಅದ ಆಟದ ಹೆಸರು ಅಂತ ತಿಳಿದಿದ್ವಿ. ನಮಗ ಮುಸ್ತಫಾ ಅಂದ್ರ ಜೀವಾ. ಆ ಆಟದ ಖರೇ ಹೆಸರು ಬ್ಯಾರೇ ಐತಿ ಅಂತ ಗೊತ್ತಾಗೂದರಾಗ ಇಪ್ಪತ್ತು ವರ್ಷ ಕಳದಿತ್ತು.’

ನಗು ಬಂತೇ? ನಗಬೇಡಿ. ಆ ಆಟದ ಹೆಸರು ‘ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್’. ಜಪಾನಿನ ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ತಂದದ್ದು. ಅದರಲ್ಲಿರುವ ನಾಲ್ವರು ವೀರರಲ್ಲಿ ಒಬ್ಬ ಮುಸ್ತಫಾ. ಹೆಸರು ಓದಲು ಬಾರದ ನಮ್ಮ ಹುಡುಗರು ತಾವೇ ಅದಕ್ಕೊಂದು ಹೆಸರಿಟ್ಟರು. ಭಾರತದ ಊರೂರಿನಲ್ಲೂ ಅದು ಮುಸ್ತಫಾ ಆಟವೇ ಆಯಿತು. ಟಿವಿಗೆ ಚುಚ್ಚುವ ಡಬ್ಬಿ ಬಂದಾಗಲೂ ಇದೇ ಕಥೆ. ‘9999 ಆಟ’ ಎಂದು ಬರೆದ ಹಳದಿ ಕ್ಯಾಸೆಟ್ಟು. ಒಳಗಿದ್ದದ್ದು ಬೆರಳೆಣಿಕೆಯ ಆಟಗಳೇ ತಿರುಗಾ ಮುರುಗಾ! ಕಾಂಟ್ರಾ, ಮಾರಿಯೋ, ಬಾತುಕೋಳಿ ಹೊಡೆಯುವ ಆಟ, ಕಾರಿನ ಆಟ. ಓದುವುದು ಬೇಕಿರಲಿಲ್ಲ, ಹೆಬ್ಬೆರಳು ಗಟ್ಟಿಯಿದ್ದರೆ ಸಾಕಿತ್ತು.

ಈಗ ಅವರ ಮೊದಲ ಪ್ರಶ್ನೆ. ‘ಆಟ ಮಾಡಿದವರು ಜಪಾನಿನವರು. ಆಡಿದವರು ನಾವು. ನಡುವ ಇಂಗ್ಲಿಷ್ ಯಾಕ ಬಂತು?’

ಇದಕ್ಕೆ ಉತ್ತರ ಸರಳ. ಜಪಾನಿನ ಹುಡುಗ ತನ್ನ ಆಟವನ್ನು ತನ್ನ ನುಡಿಯಲ್ಲೇ ಆಡುತ್ತಿದ್ದ. 1986ರಲ್ಲಿ ಅಲ್ಲಿ ‘ಡ್ರ್ಯಾಗನ್ ಕ್ವೆಸ್ಟ್’ ಎಂಬ ಕಥೆಯ ಆಟ ಬಂತು. ಇಡೀ ಆಟಕ್ಕಿದ್ದ ಜಾಗ 64 ಕಿಲೋಬೈಟ್. ಇವತ್ತು ನಿಮ್ಮ ಫೋನಿಗೆ ಬರುವ ಒಂದು ‘ಶುಭೋದಯ’ದ ಚಿತ್ರಕ್ಕೂ ಸಾಲದಷ್ಟು! ಲಿಪಿಯ ಎಲ್ಲ ಅಕ್ಷರ ಹಿಡಿಸಲು ಜಾಗವಿರಲಿಲ್ಲ. ‘ಹಾಗಾದರೆ ಇಂಗ್ಲಿಷಿನಲ್ಲೇ ಇರಲಿ’ ಅಂದರೇ? ಇಲ್ಲ. ತಮ್ಮ ಕಟಕಾನಾ ಅಕ್ಷರಗಳಲ್ಲಿ ಇಪ್ಪತ್ತನ್ನು ಮಾತ್ರ ಆರಿಸಿಕೊಂಡು, ರಾಕ್ಷಸರ, ಮಂತ್ರಗಳ, ಊರುಗಳ ಹೆಸರನ್ನೆಲ್ಲ ಆ ಇಪ್ಪತ್ತರೊಳಗೇ ಕಟ್ಟಿದರು. ಜಾಗ ಸಾಲದಿದ್ದರೆ ಅಕ್ಷರ ಬಿಟ್ಟರು, ನುಡಿ ಬಿಡಲಿಲ್ಲ. ನಮಗೆ ಇವತ್ತು ಅಂಗೈಯಲ್ಲಿ 128 ಗಿಗಾಬೈಟ್ ಇದೆ. ಕನ್ನಡಕ್ಕೆ ಮಾತ್ರ ಜಾಗವಿಲ್ಲ!

ಇಲ್ಲೊಂದು ತಾಂತ್ರಿಕ ನೆಪವನ್ನೂ ನೀವು ತಿಳಿದಿರಬೇಕು, ಏಕೆಂದರೆ ನಾಳೆ ಅದನ್ನೇ ನಿಮ್ಮ ಮುಂದೆ ಹಿಡಿಯುತ್ತಾರೆ. ಕನ್ನಡಕ್ಕೆ ಯೂನಿಕೋಡಿನಲ್ಲಿ 1991ರಲ್ಲೇ ಸ್ಥಾನ ಸಿಕ್ಕಿದೆ. ಆದರೆ ಸ್ಥಾನವಿದ್ದ ಮಾತ್ರಕ್ಕೆ ಅಕ್ಷರ ಮೂಡುವುದಿಲ್ಲ; ಒತ್ತು, ಗುಣಿತಗಳನ್ನು ಜೋಡಿಸಿ ಕೂಡಿಸುವ ಕೆಲಸವನ್ನು ಆಟದ ಎಂಜಿನ್ ಮಾಡಬೇಕು. ಮೊಬೈಲ್ ಆಟಗಳಿಗೆ ಬಹಳವಾಗಿ ಬಳಕೆಯಾಗುವ ಯೂನಿಟಿ ಎಂಬ ಎಂಜಿನ್ನಿದೆ. ಅದರ ಟೆಕ್ಸ್ಟ್‌ಮೆಶ್ ಪ್ರೊ ಎಂಬ ಬರಹದ ಸಲಕರಣೆ ನಮ್ಮ ಒತ್ತಕ್ಷರವನ್ನು ತಾನಾಗಿ ಕೂಡಿಸುವುದಿಲ್ಲ. ಬ್ಯಾಡಗಿ ಎಂದು ಬರೆದರೆ ‘ಬ್’ ಒಂದು ಕಡೆ, ‘ಯಾಡಗಿ’ ಇನ್ನೊಂದು ಕಡೆ. ರಾಣೆಬೆನ್ನೂರಿನ ಬೆನ್ನೇ ಮುರಿಯುತ್ತದೆ! ಒತ್ತಕ್ಷರವಿಲ್ಲದ ಪುಣ್ಯಕ್ಕೆ ಹಾವೇರಿ ಅಷ್ಟಿಷ್ಟು ಗುರುತು ಸಿಕ್ಕೀತು, ಗುಣಿತ ನೆಟ್ಟಗಿರುತ್ತದೆಂಬ ಖಾತ್ರಿ ಅದಕ್ಕೂ ಇಲ್ಲ. ಹಾಗೆಂದು ದಾರಿಯೇ ಇಲ್ಲವೇ? ಇದೆ. ಯಾರು ಬೇಕಾದರೂ ಪುಕ್ಕಟೆಯಾಗಿ ಬಳಸಬಹುದಾದ ಗೊಡೊ ಎಂಬ ಎಂಜಿನ್ನಿನ ನಾಲ್ಕನೇ ಆವೃತ್ತಿ 2023ರ ಮಾರ್ಚಿನಲ್ಲಿ ಬಂತು. ಅದರಲ್ಲಿ ಕನ್ನಡದಂಥ ಲಿಪಿಗಳನ್ನು ಸರಿಯಾಗಿ ಕೂಡಿಸುವ ವ್ಯವಸ್ಥೆ ಒಳಗೇ ಇದೆ. ಹಾಗಾಗಿ ‘ಆಗುವುದಿಲ್ಲ’ ಎಂದು ಯಾರಾದರೂ ಹೇಳಿದರೆ ‘ಮಾಡುವುದಿಲ್ಲ’ ಎಂದು ಅರ್ಥ ಮಾಡಿಕೊಳ್ಳಿ.

ಎರಡನೇ ಪ್ರಶ್ನೆ ಇನ್ನೂ ಮೊನಚಾಗಿದೆ. ‘ಬೆಂಗಳೂರಾಗೂ ಆಟ ಮಾಡ್ತಾರಂತಲ್ರೀ? ಅಲ್ಲಿ ಮಾಡಿದ್ರೂ ಕನ್ನಡ ಇರೂದಿಲ್ಲೇನು?’

ಹಾವೇರಿ ಧಾರವಾಡದಿಂದ ಬೇರೆಯಾಗಿ ಜಿಲ್ಲೆಯಾದದ್ದು 1997ರಲ್ಲಿ. ಅದೇ ವರ್ಷ ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಕಂಪನಿ ಆಟ ಕಟ್ಟುವ ಕೆಲಸಕ್ಕೆ ಇಳಿದಿತ್ತು. ದೇಶದಲ್ಲೇ ಮೊದಲ ಸಾಲಿನದು. ಅಲ್ಲಿನ ಕೈಗಳು ಪರದೇಶದ ದೊಡ್ಡ ದೊಡ್ಡ ಆಟಗಳಿಗೆ ಚಿತ್ರ ಬಿಡಿಸಿದವು, ಕಾರು ಕಟ್ಟಿದವು. 2016ರಲ್ಲಿ ಸ್ವೀಡನ್ನಿನ ಕಂಪನಿಯೊಂದು ಅದನ್ನು ಕೊಳ್ಳಲು ಮುಂದೆ ಬಂತು, 2019ರಲ್ಲಿ ಅದು ರಾಕ್‌ಸ್ಟಾರ್ ಪಾಲಾಯಿತು. ಜಿಟಿಎ ಎಂದು ನಿಮ್ಮ ಮಕ್ಕಳು ಹುಚ್ಚು ಹಿಡಿದು ಆಡುವ ಆಟದ ಕಂಪನಿ ಅದೇ. ಅಂದರೆ ಜಗತ್ತೇ ಆಡುವ ಆಟಗಳಿಗೆ ನಮ್ಮ ನೆಲದಲ್ಲಿ ಬೆವರು ಹರಿದಿದೆ. ಬೆವರಿಗೆ ಭಾಷೆ ಇಲ್ಲವಲ್ಲ!

ಅದಾದರೂ ಪರದೇಶದವರ ಆಟ, ಬಿಡಿ. 2021ರ ಜನವರಿ 26ರಂದು, ಗಣರಾಜ್ಯೋತ್ಸವದ ದಿನ, ‘ಫೌ-ಜಿ’ ಎಂಬ ಆಟ ಬಂತು. ಪಬ್‌ಜಿಯನ್ನು ಕೇಂದ್ರ ಸರ್ಕಾರ 2020ರ ಸೆಪ್ಟೆಂಬರಿನಲ್ಲಿ ನಿಷೇಧಿಸಿದ್ದ ಹೊತ್ತು. ಸ್ವದೇಶಿ ಆಟ, ಸೈನಿಕರ ಆಟ ಎಂದು ಭಾರೀ ಡಂಗುರ. ಕಟ್ಟಿದ್ದು ಎನ್‌ಕೋರ್ ಗೇಮ್ಸ್. ಎಲ್ಲಿಯದು? ಬೆಂಗಳೂರಿನದು! ಬಿಡುಗಡೆಯಾದ ದಿನ ಅದರಲ್ಲಿದ್ದ ಭಾಷೆಗಳು ಮೂರು: ಇಂಗ್ಲಿಷ್, ಹಿಂದಿ, ತಮಿಳು. ತಮಿಳಿಗೆ ಸಿಕ್ಕಿದ್ದಕ್ಕೆ ನಮಗೆ ಹೊಟ್ಟೆಕಿಚ್ಚಿಲ್ಲ. ಅವರ ಭಾಷೆ ಅವರಿಗೆ ಸಿಗಲಿ, ಸಿಗಬೇಕು. ಆದರೆ ಕಾವೇರಿ ನೀರು ಕುಡಿದು, ಬೆಂಗಳೂರಿನ ಕರೆಂಟಿನಲ್ಲಿ ಕಂಪ್ಯೂಟರ್ ಓಡಿಸಿ, ಕನ್ನಡವನ್ನು ‘ಮುಂದೆ ನೋಡೋಣ’ ಸಾಲಿಗೆ ತಳ್ಳಿದ್ದನ್ನು ಏನೆಂದು ಕರೆಯೋಣ?

ಬೋರ್ಡಿನ ಮೇಲೆ ಕನ್ನಡ ಶೇಕಡಾ 60 ಇರಲೇಬೇಕೆಂದು 2024ರಲ್ಲಿ ಕಾನೂನಿಗೆ ತಿದ್ದುಪಡಿಯಾಯಿತು. ಬೀದಿಗಿಳಿದು ಲಾಠಿ ತಿಂದವರು, ಜೈಲಿಗೆ ಹೋದವರು ನಮ್ಮ ಕಾರ್ಯಕರ್ತರು. ಆ ಬೋರ್ಡಿನ ಕೆಳಗೆ ನಿಂತ ಹುಡುಗನ ಕೈಯಲ್ಲಿರುವ ಪರದೆಯಲ್ಲಿ ಶೇಕಡಾ ಎಷ್ಟು?

ಒಂದು ಬಗೆಯ ಆಟ ಮಾತ್ರ ಬಲು ಬೇಗ ಕನ್ನಡ ಕಲಿತಿತ್ತು. ನೆನಪಿದೆಯೇ? ದುಡ್ಡು ಕಟ್ಟಿ ಆಡುವ ರಮ್ಮಿ! ಅದರ ಜಾಹೀರಾತು ಟಿವಿಯಲ್ಲಿ ಅಚ್ಚ ಕನ್ನಡದಲ್ಲಿ ಬರುತ್ತಿತ್ತು. ರಾಜ್ಯ ಸರ್ಕಾರ 2021ರಲ್ಲಿ ಪಣದ ಆಟಗಳನ್ನು ತಡೆಯಲು ಕಾನೂನು ತಂದಿತು; ಹೈಕೋರ್ಟು 2022ರ ಫೆಬ್ರವರಿಯಲ್ಲಿ ಅದರ ಮುಖ್ಯ ಕಲಮುಗಳನ್ನು ಹೊಡೆದುಹಾಕಿತು. 2025ರ ಆಗಸ್ಟಿನಲ್ಲಿ ಕೇಂದ್ರವೇ ಕಾನೂನು ಮಾಡಿತು. ಜೇಬಿಗೆ ಕೈಹಾಕುವವನು ಕನ್ನಡ ಕಲಿತ, ಕಥೆ ಹೇಳುವವನು ಕಲಿಯಲಿಲ್ಲ. ಇದರಿಂದ ಒಂದು ಮಾತಂತೂ ಖಚಿತ: ಕನ್ನಡಕ್ಕೆ ಮಾರುಕಟ್ಟೆ ಇಲ್ಲ ಅನ್ನುವುದು ಶುದ್ಧ ಸುಳ್ಳು.

ಮಾರುಕಟ್ಟೆ ಅಂದೆವಲ್ಲ, ಪೋಲೆಂಡಿನ ಕಥೆ ಕೇಳಿ. ಆ ದೇಶದ ಜನಸಂಖ್ಯೆ ನಾಲ್ಕು ಕೋಟಿಗೂ ಕಮ್ಮಿ. 2011ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿ ಎಂದು ಬರೆಸಿದವರೇ 4 ಕೋಟಿ 37 ಲಕ್ಷ. ವಾರ್ಸಾದಲ್ಲಿ ಸಾಲೆ ಗೆಳೆಯರಿಬ್ಬರು 1994ರಲ್ಲಿ ಸಿಡಿ ಪ್ರೊಜೆಕ್ಟ್ ಎಂಬ ಕಂಪನಿ ತೆರೆದರು. ಹೊರದೇಶದ ಆಟಗಳನ್ನು ತಂದು ಮಾರುವುದು ಅವರ ವ್ಯಾಪಾರ. ಪೇಟೆಯ ತುಂಬ ಕಳ್ಳ ಪ್ರತಿಗಳ ಹಾವಳಿ. ಆಗ ಅವರು ‘ಬಾಲ್ಡರ್ಸ್ ಗೇಟ್’ ಎಂಬ ಭಾರೀ ಆಟವನ್ನು ಪೂರ್ತಿಯಾಗಿ ಪೋಲಿಶ್ ನುಡಿಗೆ ತಂದು, ನಾಡಿನ ಹೆಸರಾಂತ ನಟರಿಂದ ದನಿ ಕೊಡಿಸಿ, 1999ರಲ್ಲಿ ಮಾರಿದರು. ಜನ ಮುಗಿಬಿದ್ದು ಕೊಂಡರು. ಆ ಧೈರ್ಯದ ಮೇಲೆ ತಮ್ಮದೇ ನಾಡಿನ ಲೇಖಕ ಸಪ್ಕೋವ್‌ಸ್ಕಿಯ ಕಥೆಗಳನ್ನಿಟ್ಟುಕೊಂಡು ‘ದಿ ವಿಚರ್’ ಆಟ ಕಟ್ಟಿದರು; 2007ರಲ್ಲಿ ಬಂತು. 2011ರಲ್ಲಿ ಅಮೆರಿಕದ ಅಧ್ಯಕ್ಷ ಒಬಾಮಾ ಪೋಲೆಂಡಿಗೆ ಹೋದಾಗ ಅಲ್ಲಿನ ಪ್ರಧಾನಿ ಕೊಟ್ಟ ಉಡುಗೊರೆಗಳಲ್ಲಿ ಆ ಆಟದ ಎರಡನೇ ಭಾಗವೂ ಇತ್ತು! ಮೊದಲು ಅನುವಾದ, ಆಮೇಲೆ ಸ್ವಂತದ್ದು.

ಈ ಪಾಠಕ್ಕೆ ಪೋಲೆಂಡಿಗೇ ಹೋಗಬೇಕೆಂದಿಲ್ಲ. ಹಾವೇರಿ ತಾಲೂಕಿನ ಗಳಗನಾಥದಲ್ಲೇ ಇದೆ. ವೆಂಕಟೇಶ ತಿರಕೊ ಕುಲಕರ್ಣಿ, ನಾವು ಗಳಗನಾಥರೆಂದು ಕರೆಯುವ ಮಹನೀಯರು, ಬದುಕಿದ್ದು 1869ರಿಂದ 1942ರವರೆಗೆ. ಆಗ ಈ ಭಾಗದಲ್ಲಿ ಓದು ಬಲ್ಲವರ ಮನರಂಜನೆಯೆಲ್ಲ ಮರಾಠಿಯಲ್ಲಿ. ಮರಾಠಿ ಓದಬೇಡಿ ಎಂದು ಅವರು ಬೈಯುತ್ತ ಕೂರಲಿಲ್ಲ. ಹರಿ ನಾರಾಯಣ ಆಪ್ಟೆಯವರ ಕಾದಂಬರಿಗಳನ್ನು ಕನ್ನಡಕ್ಕಿಳಿಸಿದರು, ಸ್ವಂತದ್ದನ್ನೂ ಬರೆದರು, ಪುಸ್ತಕ ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ಅವರ ಕಾಲದ ಕಾದಂಬರಿ ಈ ಕಾಲದ ಆಟ. ಆಗಲೂ ಹಿರಿಯರು ‘ಕಾದಂಬರಿ ಓದಿದರೆ ಹುಡುಗರು ಕೆಡುತ್ತಾರೆ’ ಅನ್ನುತ್ತಿದ್ದರು.

ಆಟವನ್ನು ಕನ್ನಡಕ್ಕೆ ತನ್ನಿ ಎಂದ ಕೂಡಲೇ ಒಂದು ಅಪಾಯವಿದೆ. ಯಾವ ಕನ್ನಡ? ಕಚೇರಿಯಲ್ಲಿ ಕೂತ ಪಂಡಿತರ ಕೈಗೆ ಕೊಟ್ಟರೆ ‘ಜೀವಾವಧಿ ಸಮಾಪ್ತಿ’, ‘ಪುನರಾರಂಭಕ್ಕೆ ಗುಂಡಿಯನ್ನು ಅದುಮತಕ್ಕದ್ದು’ ಎಂದು ಬರೆದಾರು! ಅಂಥ ಕನ್ನಡ ಕಂಡರೆ ಹುಡುಗ ಮರುಕ್ಷಣವೇ ಇಂಗ್ಲಿಷಿಗೆ ಹಾರುತ್ತಾನೆ, ತಪ್ಪು ಅವನದಲ್ಲ. ಆಟದ ಕನ್ನಡ ರಾಣೆಬೆನ್ನೂರಿನ ಆ ತಗಡಿನ ಶೆಡ್ಡಿನಲ್ಲೇ ಹುಟ್ಟಿತ್ತು. ನಮ್ಮ ಓದುಗರು ನೆನಪಿನಿಂದ ಪಟ್ಟಿ ಕೊಟ್ಟಿದ್ದಾರೆ: ‘ಒಂದ ಜೀವಾ ಉಳದೈತಿ’, ‘ಲೇ ಹಾರಲೇ, ತೆಗ್ಗು ಐತಿ’, ‘ದೊಡ್ಡಾಂವ ಬಂದ ನೋಡು’, ‘ಸತ್ತಿ, ಕೊಡ ಇತ್ತಾಗ’. ಲೈಫಿಗೆ ಜೀವ, ಬಾಸಿಗೆ ದೊಡ್ಡಾಂವ. ಇದಕ್ಕಿಂತ ಒಳ್ಳೆಯ ಮಾತನ್ನು ಯಾವ ನಿಘಂಟು ಕೊಟ್ಟೀತು? ಸ್ಟಾರ್ಟ್, ಲೆವೆಲ್ ಹಾಗೇ ಇರಲಿ, ಬಸ್ಸು ರೈಲಿನಂತೆ ಅವೂ ನಮ್ಮವಾಗಿವೆ.

ಅವರ ಇನ್ನೊಂದು ಆಸೆಯನ್ನು ಇಲ್ಲಿ ಹೇಳಲೇಬೇಕು. ‘ಹೋರಿ ಹಬ್ಬದ ಆಟ ಯಾರೂ ಯಾಕ ಮಾಡವಲ್ಲರು?’ ಅಬ್ಬಾ, ಎಂಥ ಪ್ರಶ್ನೆ! ದೀಪಾವಳಿ ಬಂತೆಂದರೆ ಹಾವೇರಿ ಜಿಲ್ಲೆಯ ಊರೂರಲ್ಲೂ ಅಖಾಡ. ಕೊಬ್ಬರಿ ಹಾರ, ಝೂಲಾ, ಬಲೂನು ಕಟ್ಟಿಸಿಕೊಂಡ ಹೋರಿ ಜನರ ನಡುವೆ ನುಗ್ಗಿ ಬರುತ್ತದೆ. ಕೊಬ್ಬರಿ ಹರಿಯಲು ಹುಡುಗರು ಬೀಳುತ್ತಾರೆ. ಸಿಕ್ಕದೆ ಪಾರಾದ ಹೋರಿ ಗೆದ್ದಂತೆ. ಸಿನಿಮಾ ನಟರಿಗಿದ್ದಂತೆ ಹೋರಿಗಳಿಗೂ ಬಿರುದು, ಅಭಿಮಾನಿಗಳು. ಓಟವಿದೆ, ಅಪಾಯವಿದೆ, ಬಹುಮಾನವಿದೆ, ಹೆಸರಿದೆ. ಆಟಕ್ಕೆ ಇನ್ನೇನು ಬೇಕು? ಅಖಾಡದಲ್ಲಿ ವರ್ಷವರ್ಷವೂ ಹುಡುಗರು ಗಾಯಗೊಂಡ, ಜೀವ ಕಳೆದುಕೊಂಡ ಸುದ್ದಿ ಬರುತ್ತದೆ. ಪರದೆಯ ಮೇಲಾದರೆ ಎಲುಬು ಮುರಿಯುವುದಿಲ್ಲ. ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ, ಇದೇ ಜಿಲ್ಲೆಯಲ್ಲಿ. ಅಲ್ಲಿನ ಹಾಡು, ಹಲಗಿ, ಕಥೆಗಳು ಬೆಂಗಳೂರಿನ ಆಟದ ಕಂಪನಿಯ ಮೇಜಿನವರೆಗೆ ಹೋಗುವ ದಾರಿಯನ್ನು ಯಾರು ಹಾಕಬೇಕು?

ಸರ್ಕಾರ ಹಾಕಬೇಕು. ಅನಿಮೇಷನ್ ಮತ್ತು ಗೇಮಿಂಗಿಗೆಂದು ಕರ್ನಾಟಕ 2012ರಲ್ಲೇ ನೀತಿ ತಂದಿತು. ಈಗಿನದು 2024ರಿಂದ 2029ರವರೆಗಿನ ನೀತಿ. ಇಂಥ ನೀತಿಯಲ್ಲಿ ಹರಿಯುವ ನೆರವು ನಮ್ಮ ತೆರಿಗೆಯದು, ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರದ ತೆರಿಗೆಯೂ ಅದರಲ್ಲಿದೆ. ನೆರವು ಪಡೆದ ಪ್ರತಿ ಆಟದಲ್ಲೂ ಕನ್ನಡ ಇರಲೇಬೇಕೆಂಬ ಒಂದು ಸಾಲು ಷರತ್ತು ಹಾಕಿ ಎಂದು ನಾವು ಕೇಳುತ್ತೇವೆ. ಐಟಿ-ಬಿಟಿ ಇಲಾಖೆಗೂ ಕನ್ನಡ ಅಭಿವೃದ್ಧಿ ಪ್ರಾಧಿಕಾರಕ್ಕೂ ನೀವೂ ಬರೆಯಿರಿ.

ಕಾಗದದ ಕೊನೆಯಲ್ಲಿ ‘ಈ ವಯಸ್ಸಿನ್ಯಾಗ ಆಡೂದು ತಪ್ಪೇನ್ರೀ?’ ಎಂದು ಕೇಳಿದ್ದಾರೆ. ತಪ್ಪಲ್ಲ ಸ್ವಾಮೀ. ಪಣ ಕಟ್ಟಬೇಡಿ, ನಿದ್ದೆಗೆಡಬೇಡಿ, ಆಡಿ. ನೀವೂ ಅಷ್ಟೇ, ಓದುಗ ಮಿತ್ರರೇ. ನಿಮ್ಮ ಮನೆಯ ಹುಡುಗರ ಪಕ್ಕ ಕೂತು, ಅವರು ಆಡುವ ಆಟದಲ್ಲಿ ಭಾಷೆ ಆರಿಸುವ ಪುಟ ತೆಗೆಸಿ ನೋಡಿ. ಕನ್ನಡವಿಲ್ಲದಿದ್ದರೆ ಆಟದ ಅಂಗಡಿಯಲ್ಲಿ ಅಭಿಪ್ರಾಯ ಬರೆಯಲು ಇರುವ ಜಾಗದಲ್ಲಿ ‘ಕನ್ನಡ ಬೇಕು’ ಎಂದು ಕನ್ನಡದಲ್ಲೇ ಬರೆಸಿ. ಯಾವ ಆಟ, ಯಾವ ಕಂಪನಿ, ಏನು ಉತ್ತರ ಬಂತು ಎಂಬುದನ್ನು ಒಂದು ಕಾರ್ಡಿನಲ್ಲಿ ನಮಗೆ ತಿಳಿಸಿ. ಬಂದ ಉತ್ತರಗಳನ್ನೂ, ಉತ್ತರ ಕೊಡದವರ ಹೆಸರುಗಳನ್ನೂ ಮುಂದಿನ ಸಂಚಿಕೆಯಿಂದ ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.